ಕರ್ಸರ್ ನಿಲ್ಲದ ಕಾಲಂ

ತುಳಸಿ ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಧಾರವಾಡದ ಕಡೆಯ ಹೆಣ್ಣುಮಗಳು. ಪ್ರಾಸ ಕಟ್ಟಿದ ಎರಡು ಸಾಲಿನ ಒಡಪಿನಲ್ಲಿ ಸೇರಿಸದೆ ಗಂಡನ ಹೆಸರು ಎತ್ತಬಾರದೆಂದು ಕಲಿತು ಬೆಳೆದವಳು. ಒಡಪು ಕಟ್ಟುವುದಂತೂ ಅವಳಿಗೆ ಬಾರದು. ಡಲ್ಲಾಸಿನಲ್ಲಿ ಯಾರದಾದರೂ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋದಾಗ ಹೆಂಗಸರು ಹೆಸರು ಹೇಳೆಂದು ಗಂಟುಬಿದ್ದರೆ, "ನಮ್ಮನ್ಯಾವ್ರು ಅಂದ್ರ ಸಾಕಲ್ರಿ, ಊರಿಗೆಲ್ಲ ಗೊತ್ತೈತಿ" ಎಂದು ಜಾರಿಕೊಳ್ಳುತ್ತಿದ್ದಳು. ಬರೆಯಲು ಮಾತ್ರ ಅಡ್ಡಿಯಿರಲಿಲ್ಲ. ವೀಸಾ, ಬ್ಯಾಂಕು, ಮಗಳ ಶಾಲೆ, ಎಲ್ಲ ಫಾರ್ಮುಗಳಲ್ಲೂ 'ಚನ್ನಬಸಪ್ಪ' ಎಂದು ತುಂಬಿದವಳು ಅವಳೇ.

ಫಾರ್ಮು ಕಟ್ಟುವುದೇ ಅವಳ ಕಸುಬು. ಡಲ್ಲಾಸ್ ಬಳಿಯ ಲಾಸ್ ಕೊಲಿನಾಸ್‌ನ ಒಂದು ಕಂಪನಿಯಲ್ಲಿ ಕುಳಿತು, ಕ್ಲಿನಿಕ್ಕುಗಳಲ್ಲಿ ರೋಗಿಗಳು ಕಂಪ್ಯೂಟರಿನಲ್ಲಿ ತುಂಬುವ ನೋಂದಣಿ ಪುಟಗಳ ಕೋಡ್ ಬರೆಯುತ್ತಿದ್ದಳು. ಟ್ಯಾಬ್ ಒತ್ತಿದರೆ ಕರ್ಸರ್ ಯಾವ ಕಾಲಂನಿಂದ ಯಾವುದಕ್ಕೆ ಹೋಗಬೇಕೆಂಬುದರಲ್ಲಿ ಅವಳದು ಎತ್ತಿದ ಕೈ. ಬೇಡದ ಕಡೆ ನಿಂತಿತೋ, ಅವಳಿಗೆ ಮೈಯೆಲ್ಲ ಉರಿ. 2014ರಲ್ಲಿ ಒಂದು ನಿಯಮ ಬರೆದಳು: 'ವಿಧವೆ' ಎಂದು ಆರಿಸಿದರೆ ಕರ್ಸರ್ ಗಂಡನ ಹೆಸರಿನ ಕಾಲಂ ಬಿಟ್ಟು ಸೀದಾ ತುರ್ತು ಸಂಪರ್ಕಕ್ಕೆ ಹಾರಬೇಕು. "ಸತ್ತವ್ರ ಹೆಸರು ತಗೊಂಡು ಕ್ಲಿನಿಕ್ಕಿನಾವ್ರು ಏನ್ ಮಾಡ್ತಾರ?" ಎಂದು ಜೊತೆಗೆ ಕೆಲಸ ಮಾಡುವ ಪ್ರತಾಪನ ಮುಂದೆ ನಕ್ಕಿದ್ದಳು.

ಎರಡು ವರ್ಷದ ಮೇಲೆ, ಮಾರ್ಚಿನ ಒಂದು ಬೆಳಿಗ್ಗೆ, ಚನ್ನಬಸಪ್ಪ ಅಲ್ಲೇ ಹತ್ತಿರದ ಯೂಲೆಸ್‌ನಲ್ಲಿದ್ದ ತಮ್ಮ ಮನೆಯ ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಲೇ ಕುಸಿದು ತೀರಿಕೊಂಡರು. ತುಳಸಿ ಅಳಲಿಲ್ಲ. ಬಂದವರಿಗೆ ಚಹಾ ಕೊಟ್ಟಳು. ಎರಡು ವಾರಕ್ಕೆ ಕೆಲಸಕ್ಕೆ ಹೋದಳು. ಜನ ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅವಳಿಗೆ ಅದೇ ಭಯವಾಗಿತ್ತು.

ಮೇ ತಿಂಗಳಲ್ಲಿ ಬಿಪಿ ತೋರಿಸಲು ಹೋದ ಕ್ಲಿನಿಕ್ಕಿನಲ್ಲಿ, ಮೌಸ್ ಇಲ್ಲದ ಬರೀ ಕೀಬೋರ್ಡಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಅವಳದೇ ಫಾರ್ಮು. ಹೆಸರು, ಟ್ಯಾಬ್. ಹುಟ್ಟಿದ ದಿನ, ಟ್ಯಾಬ್. ವಿಧವೆ, ಟ್ಯಾಬ್. ಬೆರಳುಗಳು ರೂಢಿಯಂತೆ 'ಚನ್ನಬಸಪ್ಪ' ಎಂದು ಹೊಡೆದವು, ಅವರ ಫೋನ್ ನಂಬರಿನ ಸಮೇತ. ತಲೆಯೆತ್ತಿ ನೋಡಿದರೆ ಅದು ತುರ್ತು ಸಂಪರ್ಕದ ಕಾಲಂ. ಗಂಡನದು ಮೇಲೆ ಖಾಲಿ ಉಳಿದಿತ್ತು. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿ ಹಿಂದಕ್ಕೆ ಹೋದಳು. ಆಗಲೂ ಕರ್ಸರ್ ಅಲ್ಲಿ ನಿಲ್ಲಲಿಲ್ಲ. ಹಾಗೆ ಬರೆದಿಟ್ಟವಳು ಅವಳೇ ಅಲ್ಲವೇ! ಹೆಸರು ಅಳಿಸಿ, ಮಗಳು ಮೇಧಾಳದನ್ನು ಹಾಕಿ ಎದ್ದಳು.

ಸೋಮವಾರ ಆ ನಿಯಮವನ್ನೇ ಕಿತ್ತಳು. ಪ್ರತಾಪ್ ನೋಡಿ ಅವಳ ಮೇಜಿನ ಹತ್ತಿರ ಬಂದ.

"ಆಂಟಿ, ಇದನ್ನ ಯಾರು ಕೇಳಿದ್ರು?"

"ನಾನ ಕೇಳೇನಿ. ಅದು ಅಲ್ಲಿ ನಿಂದ್ರಬೇಕು."

ಅವನು ಕೀಬೋರ್ಡ್ ಎಳೆದುಕೊಂಡು ತಾನೇ ಪರೀಕ್ಷಿಸಿದ. ವಿಧವೆ, ಟ್ಯಾಬ್. ಕರ್ಸರ್ ಗಂಡನ ಕಾಲಂನಲ್ಲಿ ನಿಂತು ಮಿಣುಕತೊಡಗಿತು.

"ಹೆಸರು ಏನ್ ಹಾಕ್ಲಿ ಆಂಟಿ?"

ತುಳಸಿಯ ಕಣ್ಣು ಆಗಲೂ ಒಣಗಿಯೇ ಇತ್ತು.

"ಚನ್ನಬಸಪ್ಪ" ಎಂದಳು, ಒಡಪಿಲ್ಲದೆ.