ಸೇತುವೆಯ ಹೆಣ್ಣುಗಳಿಗೆ ದಸರೆಯ ಬಣ್ಣ

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನನ್ನನ್ನು ಮೈಸೂರಿನ ಪಾರಂಪರಿಕ ಕಟ್ಟಡಗಳ ದುರಸ್ತಿ ವಿಭಾಗಕ್ಕೆ ಎಂಜಿನಿಯರ್ ಆಗಿ ಹಾಕಿದರು. ಕೈಗೆ ಬಂದ ಮೊದಲ ಕೆಲಸ, ಸಿದ್ಧಾರ್ಥನಗರದ ಕಡೆ ಹೋಗುವ ರಸ್ತೆಯಲ್ಲಿ ರಾಜಕಾಲುವೆಯ ಮೇಲಿದ್ದ ಹಳೆಯ ಕಮಾನು ಸೇತುವೆ. ಅದರ ನಾಲ್ಕು ಮೂಲೆಗಳಲ್ಲಿ ದೀಪ ಹಿಡಿದು ನಿಂತ ಹೆಣ್ಣುಗಳ ಪ್ರತಿಮೆಗಳಿದ್ದವು.

ಕಲ್ಲಿನ ಕೆಲಸ ತೊಂದರೆ ಕೊಡಲಿಲ್ಲ. ಕಾಡಿದ್ದು ಪ್ರತಿಮೆಗಳೇ. ಅವು ಸುಣ್ಣದ ಗಾರೆಯವು. ಪ್ರತಿ ದಸರೆಗೂ ಒಂದೊಂದು ಕೋಟ್ ಎನಾಮೆಲ್ ಪೇಂಟ್ ಬಳಿದು ಬಳಿದು ಕಣ್ಣು, ತುಟಿ ಎಲ್ಲ ಮುಚ್ಚಿಹೋಗಿದ್ದವು. ಒಳಗೆ ಸಿಕ್ಕಿಕೊಂಡ ನೀರು ಗಾರೆಯನ್ನು ತಿಂದುಹಾಕಿತ್ತು. ಆ ಬಣ್ಣ ಎಬ್ಬಿಸುವುದರಲ್ಲೇ ಬೇಸಿಗೆ ಕಳೆಯಿತು. ಒಳಗಿಂದ ಬೇರೆ ಬೇರೆ ಮುಖಗಳು ಹೊರಬಂದವು. ಒಬ್ಬಳದು ಸಿಡುಕು ಮೋರೆ, ಇನ್ನೊಬ್ಬಳ ತುಟಿಯಂಚಿನಲ್ಲಿ ತಡೆಹಿಡಿದ ನಗು. ಅದನ್ನು ನೋಡಿ ನನಗೆ ಕಣ್ಣು ಮಂಜಾಯಿತು. ಈ ಕೆಲಸಕ್ಕೆಂದು ನಾನು ಕರೆಸಿದ್ದ ಶಿಲ್ಪಿ ಹೊಸ ಗಾರೆಯಲ್ಲಿ ಮೂಗು, ಬೆರಳು ತಿದ್ದಿದರು. ಹೊಸ ಗಾರೆ ಗಾಳಿ ತಾಗಿಯೇ ಗಟ್ಟಿಯಾಗಬೇಕು. ಅಲ್ಲಿಯವರೆಗೆ ಪೇಂಟ್ ಸೋಕಲೇಬಾರದು.

ಆ ರಸ್ತೆಯ ದಸರಾ ಅಲಂಕಾರದ ಮೇಲ್ವಿಚಾರಕರಾಗಿದ್ದ ನಂಜುಂಡಸ್ವಾಮಿಯವರಿಗೆ ಇದನ್ನು ಬಿಡಿಸಿ ಹೇಳಿದೆ. ಬೋರ್ಡೂ ಹಾಕಿಸಿದೆ. "ಆಯ್ತು ಸಾರ್," ಅಂದರು.

ನವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಹೋಗಿ ನೋಡಿದರೆ, ಮೂವರು ಚಿನ್ನದ ಬಣ್ಣದಲ್ಲಿ ಥಳಥಳ ಅನ್ನುತ್ತಿದ್ದಾರೆ! ನಾಲ್ಕನೆಯವಳಿಗೆ ಏಣಿ ಇಟ್ಟಾಗಿದೆ. ನನ್ನ ಬೋರ್ಡಿಗೂ ಬಣ್ಣ ಬಿದ್ದಿತ್ತು.

"ಏನ್ರೀ ಇದು? ಬೇಡ ಅಂದಿರ್ಲಿಲ್ವಾ?" ಎಂದು ರಸ್ತೆಯಲ್ಲೇ ಕೂಗಾಡಿದೆ.

"ದಸರಾ ಅಲ್ವಾ ಸಾರ್? ಊರೆಲ್ಲಾ ಸಿಂಗಾರ ಆಗಿರುವಾಗ ಈ ಹೆಣ್ಮಕ್ಳನ್ನ ಮಾತ್ರ ಬೋಳಾಗಿ ನಿಲ್ಸಿಬುಟ್ರೆ ಜನ ನಮ್ಮುನ್ನ ಬೈಯಲ್ವಾ?" ಅಂದರು ನಂಜುಂಡಸ್ವಾಮಿ.

ಮೇಲಧಿಕಾರಿಗೆ ಫೋನ್ ಮಾಡಿದೆ. "ಚೆನ್ನಾಗಿ ಕಾಣ್ತಿದೆಯಂತಲ್ರೀ. ಹಬ್ಬ ಮುಗಿಯೋವರ್ಗೂ ಮುಟ್ಬೇಡಿ," ಅಂದುಬಿಟ್ಟರು. ನಾಲ್ಕನೆಯವಳನ್ನು ಹೇಗೋ ಉಳಿಸಿಕೊಂಡೆ. ಒಂಟಿಕೊಪ್ಪಲಿನ ನಮ್ಮಕ್ಕ ಕೂಡ ಬಂಗಾರದ ಬಣ್ಣವನ್ನೇ ಮೆಚ್ಚಿಕೊಂಡಾಗ ಮೈ ಉರಿದುಹೋಯಿತು.

ಹಬ್ಬ ಮುಗಿದ ಮೇಲೆ ಬಣ್ಣ ಎಬ್ಬಿಸಿದರೆ ಅದರೊಂದಿಗೆ ಗಾರೆಯೂ ಎದ್ದು ಬಂತು. ಮೂವರ ಮೂಗೂ ಹೋಯಿತು. ಮೂಗನ್ನು ಮತ್ತೆ ಮಾಡಬಹುದು, ಮಾಡಿಸಿದೆವು. ಆದರೆ ಆ ನಗುವಿನವಳ ತುಟಿಯೂ ಕಿತ್ತುಬಂದಿತ್ತು. ಅದು ಮೂಲ ಗಾರೆ. ಶಿಲ್ಪಿ ಎಷ್ಟು ತಿದ್ದಿದರೂ ಆ ನಗು ಬರಲಿಲ್ಲ.

ದಸರೆ ಹೊತ್ತಿಗೆ ಮೈಸೂರಿನವರ ಕೈಗಳನ್ನು 'ಬೇಡ' ಎಂಬ ಮಾತಿನಿಂದ ಕಟ್ಟಿಹಾಕಲಾಗದು, ಆ ಕೈಗಳಿಗೆ ಬೇರೆ ಕೆಲಸ ಕೊಡಬೇಕು ಎಂದು ಆಗ ಕಲಿತೆ. ಮರುವರ್ಷ ತಿಳಿಸುಣ್ಣದ ಬಕೆಟ್ಟನ್ನು ನಾನೇ ಕಳಿಸಿಕೊಟ್ಟೆ. ಅದರಿಂದ ಗಾರೆಗೆ ಅಪಾಯವಿಲ್ಲ. ನಂಜುಂಡಸ್ವಾಮಿ ಮುತುವರ್ಜಿಯಿಂದ ಬಳಿಸಿ, ದೂರ ನಿಂತು ನೋಡಿ ನನಗೆ ಹೇಳಿದರು:

"ಎಲ್ಲಾ ಲಕ್ಷಣವಾಗವೆ ಸಾರ್. ಈ ಯಮ್ಮನ ತುಟಿ ಮಾತ್ರ ನಿಮ್ಮ ಶಿಲ್ಪಿ ಸರಿಯಾಗಿ ಮಾಡಿಲ್ಲ."