ಅಮಾವಾಸ್ಯೆ ಪೂಜೆಗೆ ಪಟ್ಟಿಯಿಂದ ಬಿದ್ದ ಹೆಸರು

ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಅಮಾವಾಸ್ಯೆಯ ಸಂಜೆ ಹೊಲಿಗೆ ಮಷೀನುಗಳ ಸದ್ದು ನಿಲ್ಲುತ್ತದೆ. ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳಲ್ಲಿ, ಬೀದಿಗೆ ಬಾಗಿಲು ತೆರೆದ ಸಣ್ಣ ಯೂನಿಟ್ಟುಗಳಲ್ಲಿ ಎಲ್ಲರೂ ಸ್ವಿಚ್ ಆರಿಸುತ್ತಾರೆ. ಮಷೀನಿನ ಕೆಳಗೆ ಸೇರಿದ ನೀಲಿ ಧೂಳು ಗುಡಿಸಿ, ಎಣ್ಣೆ ಬಿಟ್ಟು, ಒರೆಸಿ, ವಿಭೂತಿ ಕುಂಕುಮ ಹಚ್ಚುತ್ತಾರೆ. ಊದುಬತ್ತಿ ಉರಿದು ಮುಗಿಯುವ ತನಕ ಯಾರೂ ಪೆಡಲ್ ಮೇಲೆ ಕಾಲಿಡುವುದಿಲ್ಲ. ಬಳ್ಳಾರಿಯ ಪತ್ರಿಕೆಯೊಂದಕ್ಕೆ ಈ ಊರಿನಿಂದ ಸುದ್ದಿ ಕಳಿಸುತ್ತಿದ್ದ ವರ್ಷಗಳಲ್ಲಿ ನಾನು ಆ ಹೊತ್ತಿಗೆ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಮಾಡಿದರೆ ಎತ್ತುತ್ತಲೂ ಇರಲಿಲ್ಲ. ಫೋನ್ ಎತ್ತಲಿಲ್ಲ ಎಂದ ಮಾತ್ರಕ್ಕೆ ಅವರು ಊರು ಬಿಟ್ಟು ಹೋದರೆಂದು ನಾನು ತಿಳಿದದ್ದಿಲ್ಲ.

ಇಷ್ಟು ಸರಳವಾದ ಮಾತನ್ನು ಬೆಂಗಳೂರಿನ ಒಂದು ಕಚೇರಿಗೆ ಮನವರಿಕೆ ಮಾಡಿಕೊಡಲು ನನ್ನಿಂದ ಆಗಲಿಲ್ಲ. ಅದರಿಂದ ಒಬ್ಬ ಹೆಂಗಸಿಗೆ ಏನು ತಪ್ಪಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸುದ್ದಿಯ ಜೊತೆಗೆ ನನಗೆ ಬೆಂಗಳೂರಿನ ಆ ಕಚೇರಿಯ ಒಂದು ಸಣ್ಣ ಕೆಲಸವೂ ಇತ್ತು. ಆ ಕಚೇರಿ ಇಂಟರ್ನೆಟ್ ಕಂಪನಿಗಳು ಒಂದೆಡೆ ಸೇರುವ ಕೇಂದ್ರದ್ದು. ಊರಲ್ಲಿ ಯಾರಾದರೂ ಅದೇನೆಂದು ಕೇಳಿದರೆ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನ ಹಾಗೆ ಎನ್ನುತ್ತಿದ್ದೆ. ಬೇರೆ ಬೇರೆ ಊರಿನ ಬಂಡಲುಗಳು ಒಂದೇ ಗೋಡೌನಿಗೆ ಬಂದು, ಅಲ್ಲೇ ಕೈ ಬದಲಾಗಿ, ತಮ್ಮ ತಮ್ಮ ದಾರಿ ಹಿಡಿಯುತ್ತವಲ್ಲ, ಹಾಗೆ. ಅಂಥದ್ದೊಂದು ಜಾಗ ಇಲ್ಲದಿದ್ದರೆ ರಾಯದುರ್ಗದವರು ಪಕ್ಕದ ಬೆಳುಗುಪ್ಪಕ್ಕೆ ಕಳಿಸಿದ ಪ್ಯಾಂಟಿನ ಫೋಟೊ ಕೂಡ ಮುಂಬಯಿ ಸುತ್ತಿಕೊಂಡು ಬರಬೇಕಾಗುತ್ತಿತ್ತು. ಆ ಕೇಂದ್ರದಲ್ಲಿ ಯಾರು ಯಾರು ಸೇರಿದ್ದಾರೆ ಎಂಬುದನ್ನು ಅವರು ತಮ್ಮ ವೆಬ್‌ಸೈಟಿನ ಒಂದು ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದರು. ಗಿರಾಕಿಗಳು, ಕಾರ್ಖಾನೆಯವರು ಆ ಪುಟ ನೋಡಿಯೇ ಯಾವ ಕಂಪನಿಯನ್ನು ನಂಬಬಹುದೆಂದು ತೀರ್ಮಾನಿಸುತ್ತಿದ್ದರು. ಪುಟವನ್ನು ಅದಕ್ಕಾಗಿ ಮಾಡಿದ್ದಲ್ಲ ಎಂದು ಕೇಂದ್ರದವರು ಈಗಲೂ ಹೇಳುತ್ತಾರೆ. ಜನ ಅದನ್ನು ಅದಕ್ಕಾಗಿಯೇ ಬಳಸುತ್ತಿದ್ದರು, ಅದು ಕೇಂದ್ರದವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಸೀಮೆಯ ಸದಸ್ಯರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ, ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿ, ವಿಳಾಸ, ನಂಬರು, ಶಾಖೆ ಸರಿಯಿವೆಯೇ ಎಂದು ಕೇಳಿ ಬೆಂಗಳೂರಿಗೆ ತಿಳಿಸುವುದು ನನ್ನ ಪಾಲಿನ ಕೆಲಸ. ಬಳ್ಳಾರಿಯ ನಮ್ಮ ಸಂಪಾದಕರು ಹೊಸಬರಿಗೆಲ್ಲ ಒಂದು ನಿಯಮ ಕಲಿಸುತ್ತಿದ್ದರು: ಮನುಷ್ಯ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಿರಿ, ಇಲ್ಲ ಎಂದು ಬರೆಯಬೇಡಿ. ಪಟ್ಟಿಯ ಕೆಲಸದಲ್ಲೂ ನಾನು ಅದನ್ನೇ ಪಾಲಿಸಿದೆ. ಸಿಗದವರಿಗೆ ಮತ್ತೆ ಫೋನ್ ಮಾಡುತ್ತಿದ್ದೆ. ಆಗಲೂ ಸಿಗದಿದ್ದರೆ ಅವರ ಪಕ್ಕದ ಅಂಗಡಿಗೆ ಮಾಡುತ್ತಿದ್ದೆ.

ರಾಯದುರ್ಗದಲ್ಲಿದ್ದ ಸದಸ್ಯರು, ಸಣ್ಣ ಇಂಟರ್ನೆಟ್ ಕಂಪನಿ ನಡೆಸುತ್ತಿದ್ದ ಗಂಡ ಹೆಂಡತಿ. ಗಂಡ ಟೈಲರಿಂಗ್ ಮನೆತನದವನು. ಕೇಬಲ್ ಟೀವಿಯಿಂದ ಶುರುಮಾಡಿ ಇಂಟರ್ನೆಟ್ಟಿಗೆ ಬಂದಿದ್ದ. ಹೆಂಡತಿ ಮಡಕಶಿರಾ ತಾಲೂಕಿನ ಹೇಮಾವತಿ ಕಡೆಯ ಹಳ್ಳಿಯವಳು. ಮದುವೆಗೆ ಮುಂಚೆ ಅವಳು ತನ್ನೂರಿನ ಇತರ ಹುಡುಗಿಯರ ಹಾಗೆಯೇ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಜೇಬು ಹೊಲಿದವಳು. ಮದುವೆಯ ನಂತರ ಗಂಡನ ಕೆಲಸ ಕಲಿತು, ತವರಿನ ಕಡೆ ಒಂದು ಶಾಖೆ ತೆರೆದಳು. ಮಡಕಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರೂಮು, ಒಂದು ಏಣಿ, ವೈರಿನ ಸುರುಳಿಗಳು. ಅದು ಅವಳದೇ ಶಾಖೆ. ಗಂಡ ಅಲ್ಲಿಗೆ ಬಂದರೆ ನೆಂಟನ ಹಾಗೆ ಕುರ್ಚಿಯ ಮೇಲೆ ಕೂತು ಟೀ ಕುಡಿದು ಹೋಗುತ್ತಿದ್ದ.

ಆ ವರ್ಷ ಮಡಕಶಿರಾದ ಹೊರಗೆ ಒಂದು ಗಾರ್ಮೆಂಟ್ಸ್ ಕಂಪನಿ ಹೊಸ ಯೂನಿಟ್ ಕಟ್ಟುತ್ತಿತ್ತು. ಕತ್ತಲಿರುವಾಗಲೇ ಬಸ್ಸು ಹತ್ತಿ ದೂರದ ಊರುಗಳಿಗೆ ಹೋಗುತ್ತಿದ್ದ ಹೆಂಗಸರಿಗೆ ಮನೆಯ ಹತ್ತಿರವೇ ಕೆಲಸ ಸಿಗುವುದಿತ್ತು. ಯೂನಿಟ್ಟಿಗೆ ಇಂಟರ್ನೆಟ್ ಬೇಕಿತ್ತು. ಆ ಗುತ್ತಿಗೆ ಸಿಕ್ಕರೆ ಅವಳ ಶಾಖೆ ಉಳಿಯುತ್ತಿತ್ತು. ಸಿಗದಿದ್ದರೆ ಮುಚ್ಚುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅವಳು ಕಾಯದೆ, ಯೂನಿಟ್ಟಿನ ಕಟ್ಟಡದ ತನಕ ಕಂಬದಿಂದ ಕಂಬಕ್ಕೆ ವೈರು ಎಳೆಸಿಬಿಟ್ಟಿದ್ದಳು. ಕಂಪನಿಯ ಷರತ್ತು ಒಂದೇ: ಇಂಟರ್ನೆಟ್ ಕೊಡುವವರ ಹೆಸರು ಬೆಂಗಳೂರಿನ ಕೇಂದ್ರದ ಪುಟದಲ್ಲಿರಬೇಕು. ಅದು ಅಲ್ಲಿತ್ತು. ನಾನೇ ಪ್ರತಿ ತಿಂಗಳೂ ಕೇಳಿ ಖಚಿತಪಡಿಸುತ್ತಿದ್ದ ಹೆಸರು.

ಹಾಗಿರುವಾಗ ಕೇಂದ್ರದವರು ಪುಟವನ್ನು ಯಂತ್ರಕ್ಕೆ ವಹಿಸಿದರು. ಇನ್ನು ಫೋನ್ ಬೇಡ ಎಂದು ನನಗೆ ಸೌಜನ್ಯದಿಂದ ತಿಳಿಸಿದರು. ಪ್ರೋಗ್ರಾಮು ಪ್ರತಿ ಸಂಜೆ ತಾನೇ ಎಲ್ಲ ಸದಸ್ಯರ ಸಂಪರ್ಕ ಪರೀಕ್ಷಿಸಿ ಪುಟ ಬರೆಯುತ್ತದೆ ಎಂದರು. ಇದಕ್ಕೆ ನನ್ನ ತಕರಾರಿರಲಿಲ್ಲ. ನನಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು, ಹಳೆಯ ನಂಬರುಗಳು ಪುಟದಲ್ಲಿ ಕೊಳೆಯುವುದೂ ತಪ್ಪುತ್ತಿತ್ತು. ಯಂತ್ರಕ್ಕೆ ಅವರು ಯಾವ ನಿಯಮ ಹೇಳಿಕೊಟ್ಟಿದ್ದರು ಎಂಬುದು ಮಾತ್ರ ನನಗಾಗಲಿ ಸದಸ್ಯರಿಗಾಗಲಿ ಗೊತ್ತಿರಲಿಲ್ಲ. ನಡೆಯುವುದೆಲ್ಲ ನಡೆದ ಮೇಲೆ ತಿಳಿದ ನಿಯಮ ಇದು: ಸಂಪರ್ಕ ಸಿಗದಿದ್ದರೆ ಒಂದು ಇಂಗ್ಲಿಷ್ ಮೇಲ್ ಹೋಗುತ್ತದೆ. ಬೆಳಗಾಗುವುದರೊಳಗೆ ಉತ್ತರ ಬರದಿದ್ದರೆ ಹೆಸರು ಪುಟದಿಂದ ಬೀಳುತ್ತದೆ. ಆಮೇಲೆ ಸಂಪರ್ಕ ಬಂದರೂ ಹೆಸರು ತಾನಾಗಿ ಹಿಂತಿರುಗುವುದಿಲ್ಲ, ಸದಸ್ಯರು ಮತ್ತೆ ಅರ್ಜಿ ಹಾಕಿ ಕಾಯಬೇಕು.

ಗಾರ್ಮೆಂಟ್ಸ್ ಕಂಪನಿಯ ಅಧಿಕಾರಿ ಯೂನಿಟ್ ನೋಡಲು ಬರುತ್ತೇನೆಂದ ದಿನ ಅಮಾವಾಸ್ಯೆಯಾಗಿತ್ತು, ಪುಟ ಯಂತ್ರದ ಕೈಗೆ ಹೋದ ಮೇಲಿನ ಮೊದಲ ಅಮಾವಾಸ್ಯೆ. ಹೊಸ ಕೆಲಸದ ಮಾತು ಅಂದು ಬೇಡ, ಮರುದಿನ ಬನ್ನಿ ಎಂದು ಅವಳೇ ಕೇಳಿಕೊಂಡಳು. ಆತ ಒಪ್ಪಿದ. ಅಮಾವಾಸ್ಯೆಯ ಸಂಜೆ ರಾಯದುರ್ಗದಲ್ಲಿ ಗಂಡ ಎಂದಿನಂತೆ, ಊರಿಗೂ ಮಡಕಶಿರಾಕ್ಕೂ ಇಂಟರ್ನೆಟ್ ಹಂಚುವ ರೂಟರಿನ ಪೆಟ್ಟಿಗೆಯ ಸ್ವಿಚ್ ಆರಿಸಿದ. ಅವನ ತಂದೆ ಹೊಲಿಗೆ ಮಷೀನಿಗೆ ಮಾಡುತ್ತಿದ್ದ ಪೂಜೆಯನ್ನು ಅವನು ಇದಕ್ಕೆ ಮಾಡುತ್ತಿದ್ದ. ಬ್ರಷ್ಷಿನಲ್ಲಿ ಧೂಳು ತೆಗೆದು, ಒರೆಸಿ, ಕುಂಕುಮವಿಟ್ಟು, ನಿಂಬೆಹಣ್ಣು ಇಟ್ಟು ಕೈಮುಗಿದ. ಊರಿಗೆ ಊರೇ ಮಷೀನು ನಿಲ್ಲಿಸುವ ಆ ಹೊತ್ತಿನಲ್ಲಿ ಇಂಟರ್ನೆಟ್ ಇಲ್ಲವೆಂದು ಯಾರೂ ದೂರುತ್ತಿರಲಿಲ್ಲ. ಮಡಕಶಿರಾದ ಗಿರಾಕಿಗಳಿಗೆ ಅವಳು ಮೊದಲೇ ಹೇಳಿಡುತ್ತಿದ್ದಳು. ಬೆಂಗಳೂರಿನ ಪ್ರೋಗ್ರಾಮು ಅದೇ ಹೊತ್ತಿಗೆ ಬಂದು ಬಾಗಿಲು ತಟ್ಟಿತು. ಅದರ ಮೇಲ್ ಹೋದದ್ದು, ಮೊದಲ ಸಲ ರೂಟರ್ ಕೂರಿಸಿಕೊಟ್ಟು ಎಂದೋ ಬೇರೆ ಊರು ಸೇರಿದ್ದ ಎಂಜಿನಿಯರನ ವಿಳಾಸಕ್ಕೆ.

ಮರುದಿನ ನಾನು ಹೊಸ ಯೂನಿಟ್ಟಿನ ಸುದ್ದಿ ಮಾಡಲು ಮಡಕಶಿರಾದಲ್ಲಿದ್ದೆ. ಕೆಲಸಕ್ಕೆ ಹೆಸರು ಕೊಡಲು ಬಂದ ಹೆಂಗಸರು ಕಟ್ಟಡದ ನೆರಳಿನಲ್ಲಿ ಕೂತಿದ್ದರು. ಅಧಿಕಾರಿ ವೈರು ನೋಡಿ ಮೆಚ್ಚಿದ, ವೇಗ ನೋಡಿ ಮೆಚ್ಚಿದ, ಕೊನೆಗೆ ತನ್ನ ಫೋನಿನಲ್ಲಿ ಪುಟ ತೆರೆದ. ಮೇಲೆ ಕೆಳಗೆ ಸರಿಸಿದ. ಮತ್ತೆ ಸರಿಸಿದ.

"ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲಮ್ಮ."

"ಐತೆ ಸಾರ್, ಸರ್ಯಾಗಿ ನೋಡಿ."

ಆತ ಫೋನನ್ನು ಅವಳ ಕೈಗೆ ಕೊಟ್ಟ. ಅವಳು ನೋಡಿದಳು, ನನಗೆ ಕೊಟ್ಟಳು. ಇರಲಿಲ್ಲ. ಅವಳು ತಲೆಯೆತ್ತಿ ಕಂಬದ ಕಡೆ ಕೈ ತೋರಿಸಿದಳು.

"ವೈರು ಅಲ್ಲೈತೆ ಸಾರ್. ನಾನು ಇಲ್ಲಿದೀನಿ. ಇನ್ನೇನು ಬೇಕು?"

ನೆರಳಿನಲ್ಲಿ ಕೂತಿದ್ದ, ಅವಳದೇ ಊರಿನ ಹೆಂಗಸೊಬ್ಬಳು ನಗೆಯಾಡಿದಳು: "ಅಯ್ಯೋ, ನೀನು ಇಲ್ವಂತೆ ಕಣೆ. ಹಂಗಾದ್ರೆ ಬೆಳಿಗ್ಗೆ ನನ್ನ ಜತೆ ಕಳ್ಳೇಕಾಯಿ ತಿಂದೋಳು ಯಾರು?" ಉಳಿದವರು ನಕ್ಕರು. ಅಧಿಕಾರಿಯೂ ನಕ್ಕ. ಆತ ಒರಟನಲ್ಲ. ಹೆಸರು ತಪ್ಪಿನಿಂದ ಬಿದ್ದುಹೋಗಿದ್ದರೆ ಕೇಂದ್ರದಿಂದ ಹಾಗೆಂದು ಬರೆಸಿಕೊಂಡು ಬನ್ನಿ, ವಾರದೊಳಗೆ ಬಂದರೆ ಪರಿಗಣಿಸುತ್ತೇವೆ ಎಂದು ಹೇಳಿ ಕಾರು ಹತ್ತಿದ.

ನಾನು ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿದೆ. ಪ್ರೋಗ್ರಾಮು ಬರೆದ ತಂತ್ರಜ್ಞನೇ ಸಿಕ್ಕ. ನನ್ನ ಪರಿಚಯ ಅವನಿಗಿತ್ತು, ಮಾತಿನಲ್ಲಿ ಮರ್ಯಾದೆಯಿತ್ತು. ಹೆಸರು ಹೇಗೆ ಬಿತ್ತೆಂದು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ. ಹಾಗಾದರೆ ತಪ್ಪಾಗಿದೆಯೆಂದು ಒಂದು ಪತ್ರ ಕೊಡಿ ಎಂದೆ.

"ತಪ್ಪಾಗಿಲ್ಲ ಮೇಡಂ. ಆ ಹೊತ್ತಲ್ಲಿ ಅವರ ಲಿಂಕ್ ಡೌನ್ ಇತ್ತು. ಸಿಸ್ಟಮ್ ಸರಿಯಾಗೇ ಕೆಲಸ ಮಾಡಿದೆ."

"ಡೌನ್ ಇತ್ತು ಅಂತ ಬರೀರಿ. ಸದಸ್ಯರೇ ಅಲ್ಲ ಅಂತ ಯಾಕೆ ಬರೆದ್ರಿ?"

"ಹಾಗೆ ಬರೆದಿಲ್ಲ ಮೇಡಂ. ಹೆಸರು ತೋರಿಸಿಲ್ಲ, ಅಷ್ಟೆ."

ಈ ಉತ್ತರ ನನಗೆ ಇವತ್ತಿಗೂ ಕೋಪ ತರಿಸುತ್ತದೆ. ಸದಸ್ಯರ ಪಟ್ಟಿ ಎಂದು ಮೇಲೆ ತಲೆಬರಹ ಹಾಕಿ, ಅದರಲ್ಲಿ ಒಬ್ಬ ಸದಸ್ಯರ ಹೆಸರು ಬಿಟ್ಟರೆ, ಓದುವವನಿಗೆ ಅದು ಏನು ಹೇಳುತ್ತದೆ? ನಾನು ಕೆಲಸ ಕಲಿತ ಕಚೇರಿಯಲ್ಲಿ ಇಂಥ ಮಾತು ಆಡಿದವನು ಮರುದಿನ ಮೇಜಿನ ಮುಂದೆ ಕೂರುತ್ತಿರಲಿಲ್ಲ. ಪತ್ರಿಕೆಯಲ್ಲಿ ತಪ್ಪು ಬಂದರೆ ಬರೆದವರ ಹೆಸರು ಹಿಡಿದು ಕೇಳಬಹುದು. ಇಲ್ಲಿ ಬರೆದವರು ಯಾರು? ತಂತ್ರಜ್ಞ ಸಿಸ್ಟಮ್ ಎನ್ನುತ್ತಾನೆ. ಅದಕ್ಕೆ ನಿಯಮ ಹೇಳಿಕೊಟ್ಟವನು ತಾನೇ ಎಂಬುದು ಅವನ ಬಾಯಿಂದ ಬರುವುದಿಲ್ಲ. ಅಮಾವಾಸ್ಯೆಗೆ ರೂಟರ್ ಆರಿಸುವವರು ಇರುತ್ತಾರೆಂದು ನಾವು ಹೇಗೆ ಊಹಿಸುವುದು ಎಂದೂ ಅವನು ಕೇಳಿದ. ಊಹಿಸಬೇಕೆಂದು ಯಾರೂ ಕೇಳಿರಲಿಲ್ಲ. ತೆಗೆಯುವ ಮುಂಚೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಎರಡು ದಿನದ ನಂತರ ಗಂಡನೂ ಮಡಕಶಿರಾಕ್ಕೆ ಬಂದ. ನಾವು ಮೂವರೂ ಆ ರೂಮಿನಲ್ಲಿ ಕೂತೆವು. ಮತ್ತೆ ಅರ್ಜಿ ಹಾಕಿಯಾಗಿತ್ತು, ಪತ್ರ ಕೊಡುವುದಿಲ್ಲವೆಂದು ಕೇಂದ್ರದ ದೊಡ್ಡವರೂ ನನಗೆ ಹೇಳಿಯಾಗಿತ್ತು. ಗಂಡ ತಲೆ ತಗ್ಗಿಸಿಕೊಂಡೇ ಕೇಳಿದ.

"ಪೂಜಿ ಮಾಡಿದ್ದು ತಪ್ಪಂತಾರೇನ್ರಿ ಅಕ್ಕಾರ?"

ತಪ್ಪೆಂದು ಯಾರೂ ಹೇಳಿಲ್ಲ ಎಂದೆ. ಅವನು ಹೆಂಡತಿಯ ಕಡೆ ತಿರುಗಿದ.

"ಸಾಹೇಬ್ರು ಅಮಾಸಿ ಮುಂಜಾನೆ ಬಂದಿದ್ರ ಹೆಸ್ರು ಇರ್ತಿತ್ತು. ಬ್ಯಾಡ ಅಂದಾಕಿ ನೀನ."

"ಅಮಾಸೆ ದಿನ ಏನೂ ಸುರು ಮಾಡ್ಬೇಡ ಅಂತ ಹೇಳ್ಕೊಟ್ಟೋರು ನಿಮ್ಮಮ್ಮ," ಎಂದಳು ಅವಳು.

ಆಮೇಲೆ ಅವಳು ನನಗೆ ತನ್ನ ಗಾರ್ಮೆಂಟ್ಸ್ ದಿನಗಳ ಒಂದು ಸಂಗತಿ ಹೇಳಿದಳು. ಜೀನ್ಸ್ ಬಟ್ಟೆ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳಿನ ಗೆರೆ ಸವೆದಿತ್ತು. ಹಾಜರಿಯ ಮಷೀನು ಅವಳನ್ನು ಗುರುತಿಸುತ್ತಿರಲಿಲ್ಲ. ಒಂದು ದಿನ ಪೂರ್ತಿ ಜೇಬು ಹೊಲಿದಿದ್ದರೂ ಗೈರುಹಾಜರಿ ಎಂದು ಬಂದಿತ್ತು.

"ಆ ಸೂಪರ್‌ವೈಸರ್ ಬಾಯಿ ಬಿಟ್ರೆ ಬೈಗುಳ ಕಣಕ್ಕ. ಅವ್ನೂ ಎದ್ದು ಬಂದು, ಇವ್ಳು ಇಲ್ಲೇ ಅವ್ಳೆ ಅಂತ ಪೆನ್ನಲ್ಲಿ ಬರೆದು ಸೈನ್ ಹಾಕ್ದ. ಇವ್ರಿಗೆ ಅಷ್ಟೂ ಆಗಲ್ವಾ?"

ಆ ಪುಟಕ್ಕೆ ವರ್ಷಗಳಿಂದ ಮಾಹಿತಿ ಕೊಟ್ಟವಳು ನಾನು, ಇವರು ಸದಸ್ಯರು ಹೌದು ಎಂದು ನಾನೇ ಒಂದು ಪತ್ರ ಬರೆದು ಸಹಿ ಮಾಡಿ ಕಂಪನಿಗೆ ಕಳಿಸಿದೆ. ನನ್ನ ಹತ್ತಿರ ಕೇಂದ್ರದ ಮೊಹರಿರಲಿಲ್ಲ. ಕಂಪನಿ ಅದನ್ನು ಸ್ವೀಕರಿಸಲಿಲ್ಲ.

ವಾರ ಕಳೆಯಿತು. ಪುಟದಲ್ಲಿ ಹೆಸರಿದ್ದ ಒಂದು ದೊಡ್ಡ ಇಂಟರ್ನೆಟ್ ಕಂಪನಿಗೆ ಗುತ್ತಿಗೆ ಹೋಯಿತು. ಮಡಕಶಿರಾದಲ್ಲಿ ಆ ಕಂಪನಿಗೆ ಒಂದು ಮಾರು ವೈರೂ ಇರಲಿಲ್ಲ. ಅವರು ನೇರವಾಗಿ ಇವಳ ರೂಮಿಗೆ ಬಂದು, ಇವಳು ಎಳೆಸಿದ್ದ ವೈರನ್ನೇ ಬಾಡಿಗೆಗೆ ಕೇಳಿದರು. ಕೊಡಬೇಡ ಎಂದು ನಾನು ಹೇಳಿದೆ. ಕೊಡದಿದ್ದರೆ ಅವರು ಪಕ್ಕದಲ್ಲೇ ಇನ್ನೊಂದು ಎಳೆಯುತ್ತಾರೆ, ನನ್ನದು ಕಾಗೆ ಕೂರಲಿಕ್ಕೆ ಆಗುತ್ತದೆ ಎಂದು ಅವಳು ಕೊಟ್ಟಳು. ಯೂನಿಟ್ ಶುರುವಾಯಿತು. ಹೆಂಗಸರು ನಡೆದೇ ಕೆಲಸಕ್ಕೆ ಬರತೊಡಗಿದರು. ಗೇಟಿನ ಪಕ್ಕದ ಪೆಟ್ಟಿಗೆಯ ಮೇಲೆ ದೊಡ್ಡ ಕಂಪನಿಯ ಹೆಸರಿತ್ತು. ಗಾಳಿಗೆ ವೈರು ತುಂಡಾದಾಗ ಏಣಿ ಹೊತ್ತು ಬರುತ್ತಿದ್ದವರು ಇವಳ ಕಡೆಯವರು. ಶಾಖೆಯ ಬೋರ್ಡನ್ನು ಅವಳು ಇಳಿಸಿದಳು. ಏಣಿ ಇಡಲು ರೂಮನ್ನು ಉಳಿಸಿಕೊಂಡಳು.

ಗುತ್ತಿಗೆ ಹೋದ ಮೇಲೆ ಅವರ ಹೆಸರು ಪುಟಕ್ಕೆ ಮರಳಿತು. ಮರಳಿದ ಹೆಸರಿನ ಪಕ್ಕದಲ್ಲಿ, ನಡುವೆ ಅದು ಇರಲಿಲ್ಲ ಎಂಬುದಕ್ಕಾಗಲಿ, ಯಾಕೆ ಇರಲಿಲ್ಲ ಎಂಬುದಕ್ಕಾಗಲಿ ಒಂದು ಗುರುತೂ ಇಲ್ಲ. ತಿದ್ದುಪಡಿ ಹಾಕಿ ಎಂದು ಕೇಳಿದೆ. ಪುಟದಲ್ಲಿ ಅದಕ್ಕೆ ಜಾಗವಿಲ್ಲ, ಹಳೆಯ ಪುಟ ಉಳಿಸುವುದೂ ಇಲ್ಲ ಎಂಬ ಉತ್ತರ ಬಂತು.

ಮುಂದಿನ ಅಮಾವಾಸ್ಯೆಯ ಸಂಜೆ ನಾನು ರಾಯದುರ್ಗದಲ್ಲಿ ಅವರ ಮನೆಗೆ ಹೋಗಿದ್ದೆ. ಬೀದಿಯ ಮಷೀನುಗಳೆಲ್ಲ ನಿಂತಿದ್ದವು. ಗಂಡ ರೂಟರಿನ ಪೆಟ್ಟಿಗೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದ. ಹಸಿರು ದೀಪಗಳು ಮಿನುಗುತ್ತಲೇ ಇದ್ದವು. ಆರಿಸಿ ಎಂದಳು ಹೆಂಡತಿ. ಅವನು ಸ್ವಿಚ್ಚಿನ ತನಕ ಕೈ ಒಯ್ದು ಹಿಂದಕ್ಕೆ ತೆಗೆದುಕೊಂಡ. ಧೂಳು ಒರೆಸದೆ, ಓಡುತ್ತಿರುವ ಯಂತ್ರಕ್ಕೇ ಹೆದರಿ ಹೆದರಿ ಕುಂಕುಮ ಇಟ್ಟ. ಅವಳು ಕೈ ಮುಗಿಯಲಿಲ್ಲ. ಒಳಗೆ ಹೋದಳು.

ತಿದ್ದುಪಡಿಯನ್ನು ಅವಳಿಗೆ ಯಾರೂ ಕೊಡಲಿಲ್ಲವಾದ್ದರಿಂದ ನಾನು ಪತ್ರಿಕೆಯ ರೀತಿಯಲ್ಲೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿದ್ದ ಆ ಮೊದಲಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕೇಂದ್ರದ ಪುಟದಲ್ಲಿ ರಾಯದುರ್ಗದ ಒಬ್ಬ ಸದಸ್ಯರ ಹೆಸರು ಇರಲಿಲ್ಲ. ಅದು ಇರಬೇಕಿತ್ತು. ಅವರು ಅಂದೂ ಸದಸ್ಯರಾಗಿದ್ದರು, ಅವರ ಯಂತ್ರ ನಡೆಯುತ್ತಿತ್ತು, ಮಡಕಶಿರಾದ ಯೂನಿಟ್ಟಿನ ಬಾಗಿಲ ತನಕ ಅವರ ವೈರು ತಲುಪಿತ್ತು. ಹಿಂದಿನ ಸಂಜೆ ಅವರು ಪೂಜೆಯಲ್ಲಿದ್ದರು, ಫೋನ್ ಮಾಡಿದ್ದರೆ ತುಸು ಹೊತ್ತಿನ ಮೇಲೆ ಎತ್ತುತ್ತಿದ್ದರು. ಯಾರೂ ಮಾಡಲಿಲ್ಲ.