ಯಡೂರಿನ ಜಾಕ್‌ವೆಲ್ಲಿಗೆ ರೌಟರ್ ಕೂರಿಸಿದವರು

ಯಡೂರಿನ ಹೊಳೆದಂಡೆಯ ನೀರೆತ್ತುವ ಬಾವಿಯಾದ ಜಾಕ್‌ವೆಲ್ಲಿನಲ್ಲಿ ನಾನು ಪಂಪ್ ಆಪರೇಟರನಾಗಿದ್ದಾಗ, ಸಿಮ್ ಹಾಕುವ ರೌಟರ್ ಕೂರಿಸಲು ತಂತ್ರಜ್ಞರೊಬ್ಬರು ಬಂದರು. ಅದರಿಂದ ಇನ್ನು ಚಿಕ್ಕೋಡಿಯ ಕಚೇರಿಯಲ್ಲಿ ಕುಳಿತವರೇ ಮೋಟಾರು ಚಾಲೂ ಮಾಡಬಹುದಿತ್ತು. ಕೂರಿಸಲು ಬಂದವರು ಅಂಗಿಯ ತುದಿಯಿಂದ ಆಂಟೆನಾ ಒರೆಸುತ್ತ, ಯಾರು ಏನು ಕೇಳಿದರೂ "ಸಿಗ್ನಲ್ ಫುಲ್ ಐತ್ರಿ" ಎನ್ನುತ್ತಿದ್ದರು.

ನೀರಿಗಿಳಿಯುವವನು ಫ್ಯೂಜು ಕಿತ್ತು ತನ್ನ ಕಿಸೆಯಲ್ಲಿಟ್ಟುಕೊಂಡೇ ಇಳಿಯಬೇಕೆಂಬುದು ನಮ್ಮ ರೂಢಿ. ಅಂದು ಪೈಪಿನ ಬಾಯಿಗೆ ಕಸ ಸಿಕ್ಕಿತ್ತು. ನಾನು ಫ್ಯೂಜಿಗೆ ಕೈಹಾಕಿದಾಗ ಅವರು ನಾಲ್ಕು ಜನರೆದುರು ನಕ್ಕರು: "ಕಾಕಾ, ನಿಮ್ಮ ಫ್ಯೂಜಿನ ಕಾಲ ಹೋತ್ರಿ. ಫೋನಿನ್ಯಾಗ ಬಂದ್ ಮಾಡೇನಿ. ನಾನ ಇಳೀತೀನಿ, ನೋಡ್ರಿ." ಆ ನಗುವನ್ನು ನಾನು ಮರೆತಿಲ್ಲ.

ಅವರು ಎದೆಮಟ್ಟದ ನೀರಿನಲ್ಲಿ ಬಾಗಿ ಕಸ ಜಗ್ಗುತ್ತಿದ್ದಾಗ ಮೋಟಾರು ಗುಡುಗಿತು. ಕಚೇರಿಯವರು ಅಲ್ಲಿಂದಲೇ ಚಾಲೂ ಮಾಡಿದ್ದರು. ನೀರೊಳಗಿನ ಮನುಷ್ಯ ಅವರಿಗೆ ಕಾಣುವಂತಿರಲಿಲ್ಲ. "ಕಾಕಾ!" ಎಂಬ ಒಂದೇ ಕೂಗು. ನಾನು ಮೇನ್ ಸ್ವಿಚ್ಚು ಎಳೆದು ಓಡಿಬಂದು ನೋಡಿದರೆ ತಲೆ ಕಾಣಲಿಲ್ಲ. ಎಷ್ಟೋ ಹೊತ್ತಾದಂತೆ ಅನಿಸಿದ ಮೇಲೆ ಒಂದು ಕೈ ಮೆಟ್ಟಿಲು ಹಿಡಿಯಿತು.

ದಂಡೆಯ ಮೇಲಿಟ್ಟಿದ್ದ ಅವರ ಫೋನು ರಿಂಗಣಿಸಿತು. ಮೇಲೆ ಬಂದವರು ಕುಳಿತು ನೀರು ಕಕ್ಕುತ್ತಿದ್ದರು, ನಾನೇ ಎತ್ತಿದೆ.

"ನೀರ ಬಂತೇನ್ರಿ?" ಎಂದರು ಕಚೇರಿಯವರು.

"ಮನಶ್ಯಾ ಬಂದಾನ್ರಿ," ಎಂದೆ. "ನೀರಿನ ಸುದ್ದಿ ಆಮ್ಯಾಲ ಕೇಳ್ರಿ."